ಡಿಸೆಂಬರಿನಿಂದ ಮಾರ್ಚ್‌ವರೆಗೆ ದುಡಿದಾಕೆ

ನನ್ನ ಮದುವೆಯಾದ ವರ್ಷ ಶಾಲೆಯಿಂದ ನನಗೆ ಎರಡು ಫಾರ್ಮ್ ನಂಬರ್ ಹದಿನಾರು ಬಂದವು. ಪಗಾರದಲ್ಲಿ ತೆರಿಗೆ ಕಡಿಸಿಕೊಂಡವರಿಗೆ ಈ ಕಾಗದ ಗೊತ್ತು. ವರ್ಷವಿಡೀ ನಿಮಗೆ ಇಷ್ಟು ಕೊಟ್ಟೆವು, ಅದರಲ್ಲಿ ಸರ್ಕಾರಕ್ಕೆಂದು ಇಷ್ಟು ಹಿಡಿದುಕೊಂಡೆವು ಎಂದು ನೌಕರಿ ಕೊಟ್ಟವರು ಬರೆದುಕೊಡುವ ಕಾಗದ. ಒಬ್ಬರಿಗೆ ಒಂದೇ ಬರಬೇಕು. ನನಗೆ ಎರಡು ಬಂದವು, ಯಾಕೆಂದರೆ ನಮ್ಮ ಶಾಲೆಯ ಕಾರಕೂನರ ಲೆಕ್ಕದಲ್ಲಿ ನಾನು ಇಬ್ಬರಾಗಿದ್ದೆ.

ಇದು ಎರಡು ಸಾವಿರದ ಆಸುಪಾಸಿನ ಮಾತು. ನಾನು ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಊರು ಪಾರಿಶ್ವಾಡ. ಮದುವೆಯಾಗುವವರೆಗೆ ಅಲ್ಲಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವುದು. ನನಗೆ ಇಟ್ಟಿದ್ದು ಅಜ್ಜಿಯ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆದರೆ ಎಂಥದ್ದು ಎಂದು ಹೇಳಬಲ್ಲೆ. ಹೊಲದ ಈ ಬದುವಿನಲ್ಲಿ ನಿಂತು ಕರೆದರೆ ಆ ಬದುವಿನವರೆಗೆ ಕೇಳುವಂಥ, ಗಟ್ಟಿ ಕಾಳಿನಂಥ ಹೆಸರು. ಕಾಲೇಜಿನಲ್ಲಿ ಗೆಳತಿಯರು ಅದನ್ನು ಕೇಳಿ ನಕ್ಕಿದ್ದರು. ನಾನು ಅವರಿಗಿಂತ ಜೋರಾಗಿ ನಕ್ಕಿದ್ದೆ, ಆದರೆ ಹೆಸರನ್ನು ಬಿಟ್ಟುಕೊಟ್ಟಿರಲಿಲ್ಲ. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿ ಆಕೆಯ ಫೋಟೋ ಕೂಡ ಇರಲಿಲ್ಲ, ಉಳಿದಿದ್ದು ನಾನೊಬ್ಬಳೇ.

ಗಂಡನ ಮನೆ ಬೆಳಗಾವಿಯ ಅನಗೋಳದಲ್ಲಿ. ನಮ್ಮವರೇ, ಬಸವಣ್ಣನವರನ್ನು ನಂಬಿದವರೇ, ಮನೆಯ ಮಾತೂ ಕನ್ನಡವೇ. ಆದರೆ ಅತ್ತೆಯ ತವರು ಕೊಲ್ಲಾಪುರದ ಕಡೆಯದು, ಮತ್ತು ಅನಗೋಳದ ಓಣಿಯಲ್ಲಿ ಅರ್ಧ ಮಂದಿ ಮರಾಠಿ ಮಾತಾಡುವವರು. ಹಾಗಾಗಿ ಆ ಮನೆಯಲ್ಲಿ ಹಿಂದಿನಿಂದ ಒಂದು ಪದ್ಧತಿ ನಡೆದುಬಂದಿತ್ತು. ಲಗ್ನದ ದಿನ ತಾಟಿನಲ್ಲಿ ಅಕ್ಕಿ ಹರಡಿ, ಮದುಮಗನ ಕೈಗೆ ಉಂಗುರ ಕೊಟ್ಟು, ಸೊಸೆಯ ಹೊಸ ಹೆಸರನ್ನು ಅಕ್ಕಿಯ ಮೇಲೆ ಬರೆಸುವುದು. ಆಮೇಲೆ ತವರಿನ ಹೆಸರು ತವರಿನಲ್ಲಿ, ಈ ಮನೆಯಲ್ಲಿ ಈ ಹೆಸರು. ನಾನು ಬೇಡವೆಂದಿದ್ದೆ. ನನ್ನವರು, "ಅಕ್ಕಿ ಮ್ಯಾಲ ಬರಿಯೂದು, ಕಲ್ಲಿನ ಮ್ಯಾಲೇನ ಅಲ್ಲ. ಸಂಜಿಗೆ ಅನ್ನ ಆಕ್ಕೈತಿ" ಅಂದಿದ್ದರು. ಆ ಮಾತಿಗೆ ನಕ್ಕು ಒಪ್ಪಿದೆ.

ಅವರು ಬರೆದ ಹೆಸರು ಅತ್ತೆ ಆರಿಸಿದ್ದು. ಕೊಲ್ಲಾಪುರದ ಕಡೆಯ ಹಳೆಯ ಕಾಲದ ಮರಾಠಿ ಹೆಸರು, ನನ್ನ ಬಾಯಲ್ಲಿ ನೆಟ್ಟಗೆ ತಿರುಗುತ್ತಲೂ ಇರಲಿಲ್ಲ. ಎಲ್ಲಿಂದ ತಂದಿರಿ ಎಂದು ಕೇಳಿದ್ದಕ್ಕೆ ಅತ್ತೆ, "ಚಲೋ ಹೆಸರ ಐತಿ, ಅಷ್ಟ" ಎಂದು ಮುಗಿಸಿದ್ದರು. ಯಾವುದೋ ಹಳೆಯ ಕ್ಯಾಲೆಂಡರಿನಿಂದ ಎತ್ತಿದ್ದಿರಬೇಕು ಎಂದು ನಾನು ಅಂದುಕೊಂಡೆ.

ಈಗ ನಮ್ಮ ಕಾರಕೂನರ ವಿಷಯ. ಗುಂಜಿ ಎಂಬ ಊರಿನವರು, ದಿನಾ ರೈಲಿನಲ್ಲಿ ಖಾನಾಪುರಕ್ಕೆ ಬರುತ್ತಿದ್ದರು. ಶಾಲೆಯಲ್ಲಿ ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದೆವು. ಕನ್ನಡದಲ್ಲಿ ಶುರುಮಾಡಿದ ವಾಕ್ಯವನ್ನು ಮರಾಠಿಯಲ್ಲಿ ಮುಗಿಸುವರು, ಅಥವಾ ಮುಗಿಸದೆಯೇ ಎದ್ದು ಹೋಗುವರು. ಅವರ ನಂಬಿಕೆ ಒಂದೇ. ಯಾವುದೇ ಬದಲಾವಣೆ ಆದ ಕೂಡಲೇ ರಜಿಸ್ಟರಿನಲ್ಲಿ ಬೀಳಬೇಕು. ನಾವು ಸ್ಟಾಫ್ ರೂಮಿನಲ್ಲಿ ಎರಡು ಸಲ ಸೀನಿದರೆ ಅತ್ತ ಅವರು ನಮ್ಮ ರಜೆ ಬರೆದಿಡುತ್ತಿದ್ದರು. ಕೆಲಸಕ್ಕೆ ಬಂದರೆ, ರಜೆ ರದ್ದಾಯಿತೆಂದು ನಮ್ಮಿಂದ ಬರೆಸಿಕೊಳ್ಳುವವರೆಗೆ ಬಿಡುತ್ತಿರಲಿಲ್ಲ.

ಇಂಥ ಕಾಕಾ ನನ್ನ ಲಗ್ನಕ್ಕೆ ಬಂದರು. ಅಕ್ಕಿಯ ತಾಟು ಬಂದಾಗ ಹಂದರದಲ್ಲಿದ್ದವರೆಲ್ಲ ಊಟದ ಪಂಕ್ತಿಯ ಕಡೆ ನೋಡುತ್ತಿದ್ದರೆ, ಕಾಕಾ ಮಾತ್ರ ಚಷ್ಮಾ ಹಾಕಿಕೊಂಡು ಮದುಮಗನ ಹೆಗಲ ಮೇಲಿಂದ ಬಗ್ಗಿದರು. ಅಕ್ಕಿಯಲ್ಲಿ ಮೂಡಿದ ಅಕ್ಷರಗಳನ್ನು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡರು. ನಾನು ತಲೆ ಬಗ್ಗಿಸಿ ಕೂತಿದ್ದರೂ ಓರೆಗಣ್ಣಿನಲ್ಲಿ ನೋಡಿದೆ. ಹರಸಲಿಕ್ಕೆ ನಾಲ್ಕು ಸಾಲು ಬರೆಯುತ್ತಿರಬಹುದು ಎಂದುಕೊಂಡು ಖುಷಿಪಟ್ಟೆ.

ಮುಂದಿನ ಪಗಾರದ ದಿನ ಅದು ಏನೆಂದು ಗೊತ್ತಾಯಿತು. ಪಗಾರ ಪತ್ರಕದಲ್ಲಿ ನನ್ನ ಹೆಸರಿರಲಿಲ್ಲ. ಆ ಜಾಗದಲ್ಲಿ ಅಕ್ಕಿಯ ಮೇಲಿನ ಹೆಸರು, ಮುಂದೆ ಗಂಡನ ಹೆಸರು, ಅಡ್ಡಹೆಸರು, ಎಲ್ಲದಕ್ಕೂ ಮೊದಲು ಸೌಭಾಗ್ಯವತಿಯ ಸೌ. ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ ಮಾಡಬೇಕು. ನನ್ನ ಸಹಿಯೋ, ಮಳೆಯಲ್ಲಿ ಎರೆಹುಳ ಹರಿದಾಡಿದ ಹಾಗೆ. ಅದು ಯಾರ ಹೆಸರಿಗಾದರೂ ಹೊಂದುತ್ತದೆ. ಹೊಸ ಮದುವೆಯ ಗದ್ದಲದಲ್ಲಿ ಜಗಳ ಬೇಡವೆಂದು ಎರೆಹುಳ ಹರಿಸಿ ದುಡ್ಡು ತೆಗೆದುಕೊಂಡೆ. ತೆರಿಗೆಯ ವರ್ಷ ಮುಗಿಯುವ ಮಾರ್ಚ್‌ವರೆಗೂ ಹಾಗೇ ನಡೆಯಿತು.

ಜೂನಿನಲ್ಲಿ ಶಾಲೆ ಶುರುವಾದಾಗ ಎರಡು ಫಾರ್ಮುಗಳು ಕೈಗೆ ಬಂದವು. ಒಂದರಲ್ಲಿ ಕುಮಾರಿ ಅಜ್ಜಿಯ ಹೆಸರಿನಾಕೆ, ಏಪ್ರಿಲ್‌ನಿಂದ ನವೆಂಬರ್‌ವರೆಗೆ. ಇನ್ನೊಂದರಲ್ಲಿ ಸೌ. ಕೊಲ್ಲಾಪುರದ ಹೆಸರಿನಾಕೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಆ ವರ್ಷದಿಂದ ಹೆಂಗಸರಿಗೆಂದು ತೆರಿಗೆಯಲ್ಲಿ ಬೇರೆ ರಿಯಾಯಿತಿ ಬಂದಿತ್ತು. ಕಾಕಾ ಅದನ್ನು ಇಬ್ಬರಿಗೂ ಪೂರಾ ಕೊಟ್ಟಿದ್ದರು. ವರ್ಷದ ಪಗಾರ ಇಬ್ಬರಲ್ಲಿ ಹಂಚಿಹೋಗಿ, ಇಬ್ಬರೂ ತೆರಿಗೆ ಕಟ್ಟಬೇಕಾಗಿರದ ಬಡವರಾಗಿದ್ದರು. ಅಲ್ಲಿಯವರೆಗೆ ಕಡಿದ ತೆರಿಗೆಯನ್ನು ಸರ್ಕಾರವೇ ವಾಪಸು ಕೊಡಬೇಕಿತ್ತು.

ಸ್ಟಾಫ್ ರೂಮಿನಲ್ಲಿ ಹಬ್ಬವಾಯಿತು. ಇಬ್ಬರೂ ರಿಫಂಡ್ ತಗೊಂಡು ಒಂದು ಪಾರ್ಟಿ ಕೊಡಿಸಿರಿ ಅಂದರು. ನಾನು ನೆಟ್ಟಗೆ ಆಫೀಸಿಗೆ ಹೋದೆ.

"ಕಾಕಾ, ಇದೇನ್ರಿ ಎರಡು?"

"ಇಬ್ಬರು ಅದಾರಲ್ರಿ ಅಕ್ಕೋರ. ನವಂಬರ್‌ತನಕ ಆಕಿ. ಡಿಸಂಬರ್‌ದಿಂದ ಈಕಿ. ಲಗ್ನದಾಗ ನಾ ಖುದ್ದ ನೋಡೀನಿ."

"ನಾನೂ ಅಲ್ಲೇ ಇದ್ನಲ್ರಿ."

"ಇದ್ರಿ. ಆದ್ರ ನೀವು ತಲಿ ತೆಳಗ ಹಾಕಿದ್ರಿ. ನಾ ನೋಡಾಕತ್ತಿದ್ನಿ."

ನನಗೆ ಸಿಟ್ಟೂ ಬಂತು, ನಗುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಹೊರಗೆ ಬಿಡಬೇಕು ಎಂದು ತಿಳಿಯದೆ ಫಾರ್ಮುಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಮರುದಿನ ಶನಿವಾರ, ಬೆಳಗಿನ ಶಾಲೆ. ಮುಗಿಸಿ ಬೆಳಗಾವಿಗೆ ಬಂದು, ರಿಟರ್ನಿನ ಗದ್ದಲಕ್ಕೆಂದು ಶನಿವಾರವೂ ತೆರೆದಿಟ್ಟಿದ್ದ ತೆರಿಗೆ ಕಚೇರಿಗೆ ಹೋಗಿ ಕೇಳಿದೆ. ಆ ಕಾಲಕ್ಕೆ ರಿಟರ್ನ್ ತುಂಬಲು ಒಂದೇ ಹಾಳೆಯ ಫಾರ್ಮು ಬಂದಿತ್ತು, ಅದಕ್ಕೆ ಸರಳ ಎಂದೇ ಹೆಸರಿಟ್ಟಿದ್ದರು. ನನ್ನ ಪಾಲಿಗೆ ಅದರಲ್ಲಿ ಸರಳವಾಗಿದ್ದು ಹೆಸರೊಂದೇ. ಕಿಟಕಿಯ ಹಿಂದಿದ್ದವರು ಎರಡೂ ಕಾಗದ ನೋಡಿ, ನನ್ನನ್ನು ನೋಡಿ, ನನ್ನ ಹಿಂದೆ ನೋಡಿದರು.

"ಇನ್ನೊಬ್ಬರು ಬಂದಿಲ್ಲೇನ್ರಿ?"

"ಆಕಿ ಮನ್ಯಾಗ ರೊಟ್ಟಿ ಬಡ್ಯಾಕತ್ತಾಳ್ರಿ" ಅಂದೆ.

ಅವರು ಗಂಭೀರವಾಗಿ, ಅವರವರ ರಿಟರ್ನ್‌ಗೆ ಅವರವರೇ ಸಹಿ ಮಾಡಬೇಕು ಎಂದು ತಿಳಿಸಿದರು. ಕೊನೆಗೆ ನಿಜ ಹೇಳಿದೆ. ಅವರು ಪಾಪ ನಗಲಿಲ್ಲ. ಒಂದೇ ಹೆಸರಿನಲ್ಲಿ ಇಡೀ ವರ್ಷದ ಒಂದೇ ಫಾರ್ಮು ತರಬೇಕು, ಪ್ಯಾನ್ ನಂಬರು ಯಾವ ಹೆಸರಿನಲ್ಲಿದೆಯೋ ಅದೇ ಹೆಸರು ಇರಲಿ, ಅದನ್ನೂ ಬದಲಿಸುವುದಿದ್ದರೆ ಈಗಲೇ ಬದಲಿಸಿರಿ, ಆಮೇಲೆ ತಿರುಗಾಡುವುದು ತಪ್ಪುತ್ತದೆ ಎಂದರು. ಅಂದರೆ ನನ್ನೊಳಗಿನ ಇಬ್ಬರಲ್ಲಿ ಒಬ್ಬಳು ಹೋಗಬೇಕು.

ನನಗೆ ಅನುಮಾನವೇ ಇರಲಿಲ್ಲ. ಹೋಗುವವಳು ಕೊಲ್ಲಾಪುರದವಳು. ಮನೆಯಲ್ಲಿ ಏನಾದರೂ ಕರೆದುಕೊಳ್ಳಲಿ, ಕಾಗದದ ಮೇಲೆ ಅಜ್ಜಿಯ ಹೆಸರೇ ಇರಬೇಕು. ಅದೂ ಅಳಿಸಿಹೋದರೆ ಅಜ್ಜಿ ಇದ್ದಳೆನ್ನುವುದಕ್ಕೆ ಪಾರಿಶ್ವಾಡದ ಹೊಲವೂ ಸಾಕ್ಷಿ ಹೇಳುವುದಿಲ್ಲ. ಇಷ್ಟು ಗಟ್ಟಿಯಾಗಿ ನಾನು ಮದುವೆಗೆ ಕೂಡ ಹೂಂ ಅಂದಿರಲಿಲ್ಲ.

ಸೋಮವಾರ ಕಾಕಾ ಇದನ್ನು ಕೇಳಿ ತಲೆ ಅಲ್ಲಾಡಿಸಿದರು. "ಆಕ್ಕೈತ್ರಿ. ಆದ್ರ ಹೆಸರು ಇಟ್ಟವರು ಹಿಂದ ತಗೊಂಡೇವಿ ಅಂತ ಬರದು ಸಹಿ ಮಾಡಿ ಕೊಡಬೇಕು. ಗಂಡನ ಮನಿ ಹಿರ್ಯಾರು."

"ಇದ್ಯಾವ ಕಾಯ್ದೆರಿ ಕಾಕಾ?"

"ನನ್ನ ಫೈಲಿನ ಕಾಯ್ದೆ. ನಾಳೆ ಯಾರರ ಬಂದು, ನಮ್ಮ ಸೊಸಿ ಹೆಸರು ಯಾಕ ಹೊಡದು ಹಾಕಿದಿ ಅಂದ್ರ ನಾ ಏನು ತೋರಸ್ಲಿ? ಅಥವಾ ಹಿಂಗ ಮಾಡೂಣು. ಏಪ್ರಿಲ್‌ದಿಂದಾನ ಹೊಸಾ ಹೆಸರು ಹಾಕಿ ಒಂದ ಮಾಡಿಬಿಡತೀನಿ. ಅದಕ್ಕ ಯಾರ ಸಹೀನೂ ಬ್ಯಾಡ."

ಅಜ್ಜಿಯನ್ನು ತೆಗೆಯಲು ಯಾರ ಸಹಿಯೂ ಬೇಡವಂತೆ. ನಾನು ಸಹಿ ತರುತ್ತೇನೆ ಎಂದು ಹೇಳಿ ಬಂದೆ.

ಮನೆಯ ಹಿರಿಯರೆಂದರೆ ಅತ್ತೆಯೇ. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ನನ್ನವರನ್ನು ಕೇಳಿದರೆ, "ಯಾವ್ದರ ಒಂದು ಇಟ್ಕೊ, ನನಗ ಇಬ್ಬರೂ ಅಷ್ಟ" ಅಂದರು. ಅವರಿಗೇನು ಕಷ್ಟ? ಅವರು ನನ್ನನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಗಾಳಿಗೆ "ಕೇಳತೈತೇನ" ಎಂದರೆ ಅದು ನಾನೇ. ಅತ್ತೆ ಮಾತ್ರ ಇದಕ್ಕೆ ಪೂರಾ ಉಲ್ಟಾ. ಹೊಸ ಹೆಸರನ್ನು ಅವರಷ್ಟು ಬಳಸಿದವರು ಯಾರೂ ಇಲ್ಲ. ಅಡುಗೆಮನೆಯಲ್ಲಿ ನಾನು ಎದುರಿಗೇ ನಿಂತು ಹಿಟ್ಟು ನಾದುತ್ತಿದ್ದರೂ ಹೆಸರು ಹಿಡಿದು ಕರೆಯುವರು. ಬಂದೆ ಎನ್ನಲು ಜಾಗವೇ ಇರುತ್ತಿರಲಿಲ್ಲ, ನಾನು ಅಲ್ಲೇ ಇರುತ್ತಿದ್ದೆ. ಕೆಲಸ ಏನೂ ಇಲ್ಲದಿದ್ದರೂ ಕರೆದು, ನಾನು ತಿರುಗಿದರೆ, "ಏನಿಲ್ಲ" ಅನ್ನುವರು. ಹೆಸರು ರೂಢಿಯಾಗಲಿ ಎಂದು ಹೀಗೆ ಉರು ಹೊಡೆಸುತ್ತಿದ್ದಾರೆ ಎಂದುಕೊಂಡು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಸಹಿ ಕೇಳುವ ಮೊದಲು ಸ್ವಲ್ಪ ಆಟವಾಡೋಣ ಅನ್ನಿಸಿತು. ಆ ಸಂಜೆ ಅವರು ಹೆಸರು ಕರೆದು, ಭಾಂಡೆ ತೊಳೆಯಲು ಹೇಳಿದರು.

"ಆಕಿ ಇಲ್ಲರಿ ಅತ್ತಿ" ಅಂದೆ. "ಆಕಿದು ಡಿಸಂಬರ್‌ದಿಂದ ಮಾರ್ಚ್‌ತನಕ ಅಷ್ಟ ನೌಕರಿ. ಮುಗದ ಹೋತು."

ನನ್ನವರು ನಕ್ಕರು. ಅತ್ತೆ ಏನು ಅಂತ ಕೇಳಿದರು. ನಾನು ಎರಡೂ ಫಾರ್ಮು ತಂದು ತೋರಿಸಿ, ಕಾಕಾ ಮಾಡಿದ್ದು, ತೆರಿಗೆ ಕಚೇರಿಯಲ್ಲಿ ಎರಡನೆಯವಳನ್ನು ಹುಡುಕಿದ್ದು, ಎಲ್ಲ ಅಭಿನಯ ಮಾಡಿ ಹೇಳಿದೆ. ಅವರೂ ನಕ್ಕರು, ರೊಟ್ಟಿ ಬಡಿಯುವವಳ ಮಾತಿಗಂತೂ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ಇದೇ ಸಮಯ ಎಂದು ಕಾಗದ ಮುಂದೆ ಮಾಡಿದೆ. ಸೊಸೆಗೆ ಇಟ್ಟ ಹೆಸರನ್ನು ಶಾಲೆಯ ಕಾಗದಗಳಿಂದ ತೆಗೆಯಲು ನನ್ನ ಒಪ್ಪಿಗೆಯಿದೆ ಎಂದು ನಾನೇ ಬರೆದು ಇಟ್ಟಿದ್ದೆ. ಓದಿ ಹೇಳಿದೆ.

ಅತ್ತೆಯ ನಗು ನಿಂತಿತು. "ಬ್ಯಾಡ" ಅಂದರು.

"ಸಾಲಿ ಕಾಗದದಾಗ ಅಷ್ಟರಿ. ಮನ್ಯಾಗ ನೀವು ಹೆಂಗ ಬೇಕಾರ ಕರೀರಿ."

"ನಾ ಸಹಿ ಮಾಡಂಗಿಲ್ಲ."

ಅಷ್ಟು ಹೇಳಿ ಎದ್ದು, ನನಗೆ ಹೇಳಿದ್ದ ಭಾಂಡೆಗಳನ್ನು ತಾವೇ ತೊಳೆಯಲು ಕೂತರು. ನನಗೆ ಮೈ ಉರಿಯಿತು. ಒಂದು ವಾರ ನಾವಿಬ್ಬರೂ ಮಾತಾಡಿದ್ದು ಉಪ್ಪು, ಹಾಲು, ನೀರು ಇವುಗಳ ವಿಷಯ ಮಾತ್ರ. ಅತ್ತೆ ನನ್ನನ್ನು ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟರು. ಯಾವುದನ್ನು ಕೇಳಿ ಕುದಿಯುತ್ತಿದ್ದೆನೋ ಅದು ನಿಂತ ಮೇಲೆ ಅಡುಗೆಮನೆ ಬಿಕೋ ಅನ್ನಿಸತೊಡಗಿದ್ದು ನನಗೇ ಆಶ್ಚರ್ಯ. ಅತ್ತ ರಿಟರ್ನ್ ಕೊಡುವ ಕೊನೆಯ ದಿನ ಹತ್ತಿರ ಬರುತ್ತಿತ್ತು. ಕಾಕಾ ಎದುರಾದಾಗಲೆಲ್ಲ, "ಏಪ್ರಿಲ್‌ದಿಂದಾನ ಮಾಡಿಬಿಡ್ಲೇನ್ರಿ?" ಅನ್ನುತ್ತಿದ್ದರು.

ರವಿವಾರ ಅತ್ತೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ನಾನೂ ಎದುರಿಗೆ ಕೂತು ಸುಲಿಯತೊಡಗಿದೆ. ಕೊನೆಗೆ ತಡೆಯಲಾರದೆ ಅಂದೆ, "ಅತ್ತಿ, ನನ್ನ ಅಜ್ಜಿ ಹೆಸರರಿ ಅದು. ಅದಕ್ಕ ಕಾಟು ಹೊಡದು ಅಳಸಾಕ ನನಗ ಮನಸ್ಸ ಬರವಲ್ದು. ಈ ಹೆಸರಿಗೆ ಹೊಡದ್ರ ಯಾರಿಗೇನು ಹೋಕ್ಕೈತಿ ಹೇಳ್ರಿ."

ಅವರು ಶೇಂಗಾದಿಂದ ಕಣ್ಣು ಎತ್ತಲಿಲ್ಲ. "ಈ ಹೆಸರಿಗೆ ಒಮ್ಮೆ ಹೊಡದಾರ" ಅಂದರು. "ಎರಡನೇ ಸಲ ಹೊಡಿಯಾಕ ನನ್ನ ಸಹಿ ಯಾಕ ಬೇಕು?"

ನನಗೆ ತಿಳಿಯಲಿಲ್ಲ. "ಯಾರು ಹೊಡದಿದ್ರರಿ?"

"ನಮ್ಮ ಅತ್ತಿ. ಇದ ಪಡಸಾಲ್ಯಾಗ. ತಾಟಿನ್ಯಾಗಿನ ಅಕ್ಯಾಗ ಬ್ಯಾರೆ ಹೆಸರು ಬರಸಿ."

ನನಗೆ ಇಟ್ಟಿದ್ದು ಅವರದೇ ಹೆಸರು. ತವರಿನಲ್ಲಿ ಅವರ ಅವ್ವ ಅಪ್ಪ ಕರೆಯುತ್ತಿದ್ದ ಹೆಸರು. ಕ್ಯಾಲೆಂಡರಿನದಲ್ಲ.

"ಅಣ್ಣ ಇರೂತನಕ ಹಬ್ಬಕ್ಕ ಹೋದಾಗ ಕರೀತಿದ್ದ" ಅಂದರು. "ಅವ ಹ್ವಾದ ಮ್ಯಾಲ ಯಾರೂ ಕರದಿಲ್ಲ. ಮನ್ಯಾಗ ಯಾರರ ಒಬ್ಬರ ಮ್ಯಾಲ ಇರ್ಲಿ, ಕಿವಿಗೆ ಬೀಳತೈತಿ ಅಂತ ನಿನಗ ಇಟ್ನಿ. ಕರಿಯೂ ನೆವಕ್ಕ ನಾನ ಅಂದ್ಕೊಳ್ಳೂದು."

ಎದುರಿಗೇ ನಿಂತಿದ್ದರೂ ಯಾಕೆ ಕರೆಯುತ್ತಿದ್ದರು, ತಿರುಗಿದರೆ ಏನಿಲ್ಲ ಎಂದು ಯಾಕೆ ಅನ್ನುತ್ತಿದ್ದರು ಎಂದು ಆಗ ಗೊತ್ತಾಯಿತು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಚಾಚಿದರು.

"ತಾ ಇಲ್ಲೆ ಆ ಕಾಗದ. ನಿಮ್ಮಜ್ಜಿದರ ಉಳೀಲಿ. ಎರಡರಾಗ ಒಂದರ ಉಳೀಲಿ."

ಬೇಡವೆಂದೆ. ಅವರು ಕೇಳಲಿಲ್ಲ, ನನ್ನ ಚೀಲದಿಂದ ತಾವೇ ತೆಗೆದು ಮರಾಠಿ ಅಕ್ಷರದಲ್ಲಿ ಸಹಿ ಮಾಡಿಬಿಟ್ಟರು. ಸಹಿ ಮಾಡಿದ್ದು ಅವರ ಅತ್ತೆ ಇಟ್ಟ ಹೆಸರನ್ನು.

ಮರುದಿನ ಕಾಕಾ ಆ ಕಾಗದವನ್ನು ನೋಡಿ ಖುಷಿಯಾಗಿ ಫೈಲಿಗೆ ಸೇರಿಸಿದರು. ಟೈಪ್‌ರೈಟರಿಗೆ ಕಾರ್ಬನ್ ಇಟ್ಟು ಹೊಸ ಫಾರ್ಮು ಹೊಡೆದರು. ಅಜ್ಜಿಯ ಹೆಸರು, ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಹೆಂಗಸರ ರಿಯಾಯಿತಿ ಒಬ್ಬಳಿಗೆ. ಸ್ವಲ್ಪ ತೆರಿಗೆಯೂ ಬಿತ್ತು. ಅದನ್ನು ಹೆಡ್ ಮಾಸ್ತರರ ಸಹಿಗೆ ಕಳಿಸಿ, ಹಳೆಯ ಎರಡು ಫಾರ್ಮುಗಳನ್ನು ಮುಂದಿಟ್ಟುಕೊಂಡು ಕೆಂಪು ಶಾಯಿಯ ಪೆನ್ನು ತೆಗೆದರು. ಮೊದಲನೆಯದರ ಮೇಲೆ ಅಡ್ಡಗೀಟು ಎಳೆದು ರದ್ದು ಎಂದು ಬರೆದರು. ಎರಡನೆಯದರ ಮೇಲೆ ನಾನು ಅಂಗೈ ಇಟ್ಟೆ.

"ಕಾಕಾ, ಇದಕ್ಕ ಹೊಡೀಬ್ಯಾಡ್ರಿ. ಇದನ್ನ ನನಗ ಕೊಡ್ರಿ."

"ಹೆಂಗ ಕೊಡಾಕ ಬರತೈತ್ರಿ? ರದ್ದ ಆಗಿದ್ದು ರದ್ದ ಆಗಬೇಕು."

ಅತ್ತೆಯ ಹೆಸರಿನ ಕತೆ ಹೇಳಿದೆ. ಕಾಕಾ ಪೆನ್ನು ಹಿಡಿದುಕೊಂಡೇ ಕೇಳಿದರು.

"ನಮ್ಮ ಮನ್ಯಾಕಿದೂ ಬದಲಿ ಮಾಡೇವ್ರಿ" ಅಂದರು. "ಮೊದಲ ಏನೋ ಒಂದು ಇತ್ತು. ಏನಿತ್ತಪಾ ಅದು..." ಅವರಿಗೆ ನೆನಪಾಗಲಿಲ್ಲ. ಎರಡು ಸಲ ಸೀನಿದವರ ಸೀನನ್ನೂ ಬರೆದಿಡುವವರಿಗೆ ನೆನಪಾಗಲಿಲ್ಲ. ಕೆಂಪು ಪೆನ್ನಿನ ಮುಚ್ಚಳ ಹಾಕಿ, ಡ್ರಾವರಿನಿಂದ ಒಂದು ಮೊಂಡು ಪೆನ್ಸಿಲ್ ತೆಗೆದರು. ಆ ಎರಡನೆಯ ಫಾರ್ಮಿನ ಕಾರ್ಬನ್ ಪ್ರತಿಯ ಮೇಲೆ ರದ್ದು ಎಂದು ಬರೆದು ಫೈಲಿಗೆ ಹಾಕಿ, ಅಸಲಿನ ಮೇಲೆ ಕಂಡೂ ಕಾಣದಂತೆ ಒಂದು ಗೀಟು ಎಳೆದರು.

"ನಾ ಹೊಡಿಯೂದು ಹೊಡದೀನಿ. ಮನ್ಯಾಗ ರಬ್ಬರ್ ಐತೋ ಇಲ್ಲೋ ಅದು ನಿಮಗ ಗೊತ್ತು."

ನಾನು ಗಣಿತದವಳು, ನನ್ನ ಚೀಲದಲ್ಲಿ ರಬ್ಬರಿಗೆ ಬರವಿಲ್ಲ. ಸಂಜೆ ಅತ್ತೆಯನ್ನು ಪಡಸಾಲೆಯಲ್ಲಿ ಕೂಡಿಸಿ, ಅವರ ಕೈಗೇ ರಬ್ಬರು ಕೊಟ್ಟು ಅಳಿಸಿಸಿದೆ. ಫಾರ್ಮು ಇಂಗ್ಲಿಷಿನಲ್ಲಿತ್ತು, ಅವರಿಗೆ ಓದಲು ಬರುತ್ತಿರಲಿಲ್ಲ. ಅವರ ಬೆರಳು ಹಿಡಿದು ಹೆಸರಿನ ಕೆಳಗೆ ಇಟ್ಟೆ.

"ಇದು ನಂದ?" ಅಂದರು.

"ನಿಮ್ದರಿ."

"ಏನ ಬರದಾರ?"

"ಡಿಸಂಬರ್‌ದಿಂದ ಮಾರ್ಚ್‌ತನಕ ಸಾಲ್ಯಾಗ ದುಡದಾಳ ಅಂತ. ಪಗಾರ ಕೊಟ್ಟೇವಿ ಅಂತ."

ಅತ್ತೆ ಸ್ವಲ್ಪ ಹೊತ್ತು ಆ ಟೈಪಿನ ಅಕ್ಷರಗಳನ್ನು ಸವರಿದರು. ಆಮೇಲೆ ಬಹಳ ವ್ಯವಹಾರದ ದನಿಯಲ್ಲಿ, "ಸರಕಾರಕ್ಕ ಏನರ ಕೊಡೂದೈತೇನ ಈಕಿ?" ಎಂದು ಕೇಳಿದರು.

"ಒಂದು ಪೈಸಾನೂ ಇಲ್ಲರಿ. ಸರಕಾರನ ಈಕಿಗೆ ಕೊಡಬೇಕಿತ್ತು."

"ಶ್ಯಾಣ್ಯಾಕಿ ಅದಾಳ" ಅಂದರು ಅತ್ತೆ. ಕಾಗದವನ್ನು ಮಡಿಚಿ ತಮ್ಮ ಟ್ರಂಕಿನಲ್ಲಿ ಲಗ್ನದ ಸೀರೆಯ ಕೆಳಗೆ ಇಟ್ಟರು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಎದುರಿಗೇ ನಿಂತು ನನ್ನನ್ನು ಆ ಹೆಸರು ಹಿಡಿದು ಕರೆದರು. ಬಂದೆರಿ ಅಂದೆ. ಅದಾದ ಕೆಲವು ತಿಂಗಳಿಗೆ ಓಣಿಗೆ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ಕಟ್ಟೆಯ ಮೇಲೆ ಕೂತು, ನಿಮ್ಮ ಮನೆಯಲ್ಲಿ ದುಡಿಯುವವರು ಎಷ್ಟು ಮಂದಿ ಎಂದು ಅತ್ತೆಯನ್ನು ಕೇಳುತ್ತಿದ್ದಳು. ನಾನು ಒಳಗೆ ಮಕ್ಕಳ ಗಣಿತದ ಪೇಪರು ನೋಡುತ್ತಿದ್ದೆ.

"ಮೂರು ಮಂದಿ" ಅಂದರು ಅತ್ತೆ. "ಮಗ, ಸೊಸಿ, ನಾನು."

ಕೆಂಪು ಪೆನ್ನು ನನ್ನ ಕೈಯಲ್ಲೇ ಇತ್ತು. ನಾನು ತಿದ್ದಲಿಲ್ಲ.